ರಾಜಕಾಲುವೆ ಪಕ್ಕದ 30×40 ಸೈಟು: ಬಫರ್ ಎಲ್ಲಿಂದ ಅಳೆಯಬೇಕು, ಕಟ್ಟೋಕೆ ಏನಾದರೂ ಉಳಿಯುತ್ತಾ?

ಹೊಸಪಾಯ:

ಬೆಂಗಳೂರಿನ ಪೂರ್ವ ಭಾಗ, ಬಿಡಿಎ ಯೋಜನಾ ಪ್ರದೇಶದ ಒಳಗೇ ಇರುವ 30×40 ಸೈಟು. ಅಗ್ರಿಮೆಂಟ್ ಇನ್ನೂ ಆಗಿಲ್ಲ. ಖಾತಾ ಇದೆ, ಭೂಪರಿವರ್ತನೆ ಆದೇಶ ಇದೆ, ಇಸಿಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ತಕರಾರು ಕಾಣಲಿಲ್ಲ. ಸೈಟಿನ ಹಿಂದೆ ಕಾಲುವೆ ಹರಿಯುತ್ತದೆ. ಟೇಪ್ ಹಿಡಿದು ಅಳೆದ ಲೆಕ್ಕ ಇದು: ಕಾಲುವೆಯ ಎರಡು ಕಲ್ಲುಗೋಡೆಗಳ ನಡುವೆ 6 ಮೀಟರ್, ಆಳ ಸುಮಾರು 2 ಮೀಟರ್. ಈಚೆ ಗೋಡೆಯಿಂದ ಸೈಟಿನ ಹಿಂದಿನ ಗಡಿಗೆ 11 ಮೀಟರ್ ಖಾಲಿ ಜಾಗ. ಸೈಟಿನ ಉದ್ದ 40 ಅಡಿ, ಅಂದರೆ 12.2 ಮೀಟರ್. ಮುಂದೆ ರಸ್ತೆ.

ಕಾಲುವೆ ಪಕ್ಕ ಕಟ್ಟದೆ ಬಿಡಬೇಕಾದ ಜಾಗದ (ಬಫರ್) ಬಗ್ಗೆ ಮಾರುವವರು "ಇದು ಸಣ್ಣ ಕಾಲುವೆ, 15 ಮೀಟರ್ ಬಿಟ್ಟರೆ ಸಾಕು" ಅನ್ನುತ್ತಾರೆ. ಬ್ರೋಕರ್ 25 ಅನ್ನುತ್ತಾರೆ. ಹಸಿರು ಪೀಠದ ಆದೇಶದ ಪ್ರಕಾರ 35 ಬಿಡಬೇಕು ಅಂತ ಮತ್ತೊಬ್ಬರು ಹೇಳಿದರು. ಯಾವುದು ಈಗ ಚಾಲ್ತಿಯಲ್ಲಿದೆ? ಅಳತೆ ಗೋಡೆಯಿಂದಲೋ, ನಡುವಿನಿಂದಲೋ?

ಇನ್ನೆರಡು ಗೊಂದಲ. ಸರ್ವೆ ನಂಬರ್ ತೋರಿಸುವ ಸರ್ಕಾರಿ ದಿಶಾಂಕ್ ಆ್ಯಪ್‌ನಲ್ಲಿ ಕಾಲುವೆಯ ಗೆರೆ ಸೈಟಿಗೆ ತಾಗಿಕೊಂಡೇ ಹೋದ ಹಾಗೆ ಕಾಣುತ್ತದೆ, ನೆಲದ ಮೇಲೆ 11 ಮೀಟರ್ ಆಚೆಗಿದೆ. ಪಹಣಿಯಲ್ಲಿ ಬಿ ಖರಾಬು 0-04 ಅಂತ ಬರೆದಿದೆ. ಇದನ್ನು ಹೇಗೆ ಓದಬೇಕು? ಕಟ್ಟಲು ಬರುತ್ತದೆ ಅಂತಾದರೆ, ನೀರು ನುಗ್ಗದ ಹಾಗೆ ಪಾಯದಲ್ಲೇ ಏನೇನು ಮಾಡಿಕೊಳ್ಳಬೇಕು ಅನ್ನುವುದನ್ನೂ ತಿಳಿದವರು ಹೇಳಿ.

ಪಹಣಿಪುರಾಣ:

ಮೊದಲು ಅಂಕಿ ಬಿಡಿಸಿಕೊಳ್ಳೋಣ. ನಿಮಗೆ ಮೂರು ಜನ ಹೇಳಿದ ಮೂರು ಅಂಕಿಯೂ ಒಂದೊಂದು ಕಡೆಯಿಂದ ಬಂದದ್ದೇ, ಯಾವುದೂ ಗಾಳಿಮಾತಲ್ಲ.

ಪರಿಷ್ಕೃತ ಮಹಾಯೋಜನೆ 2015ರ ವಲಯ ನಿಯಮಗಳು (2007ರ ಜೂನ್‌ನಲ್ಲಿ ಜಾರಿಗೆ ಬಂದವು) ಕಾಲುವೆಗಳನ್ನು ಪ್ರಾಥಮಿಕ, ದ್ವಿತೀಯ, ತೃತೀಯ ಎಂದು ಮೂರು ಮಾಡಿ, ಕ್ರಮವಾಗಿ 50, 25, 15 ಮೀಟರ್ ಬಫರ್ ಇಟ್ಟವು. ಅಳತೆ ಕಾಲುವೆಯ ಮಧ್ಯರೇಖೆಯಿಂದ, ಎರಡೂ ಬದಿಗೆ. ಕೆರೆಗೆ 30 ಮೀಟರ್, ಅದು ಕಂದಾಯ ದಾಖಲೆಯಲ್ಲಿರುವ ಕೆರೆಯ ಗಡಿಯಿಂದ.

2016ರ ಮೇ 4ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಬಿಗಿ ಮಾಡಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್ ಅಂದಿತು. ಅದೂ ಮಧ್ಯದಿಂದಲ್ಲ, ಅಂಚಿನಿಂದ. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಶಾಸನಬದ್ಧ ಮಹಾಯೋಜನೆಯ ನಿಯಮವನ್ನು ನ್ಯಾಯಮಂಡಳಿ ಬದಲಿಸಲು ಬರುವುದಿಲ್ಲ ಅನ್ನುವುದು ತಿರುಳು. ಹಾಗಾಗಿ ಮತ್ತೆ 50, 25, 15ಕ್ಕೇ ಬಂದೆವು. 35 ಎಂದವರು ಆ ನಡುವಿನ ಮೂರು ವರ್ಷದ ಲೆಕ್ಕದಲ್ಲೇ ಇದ್ದಾರೆ.

ಈಗ ನಿಮ್ಮ ಅಳತೆಗೆ ಹಾಕಿ. ಕಾಲುವೆಯ ಅರ್ಧ 3, ಖಾಲಿ ಜಾಗ 11. ಮಧ್ಯದಿಂದ ಸೈಟಿನ ಹಿಂಗಡಿಗೆ 14 ಮೀಟರ್, ಮುಂಗಡಿಗೆ 26.2. ತೃತೀಯ ಕಾಲುವೆಯಾದರೆ ಬಫರ್ 15ಕ್ಕೆ ಮುಗಿಯುತ್ತದೆ, ಸೈಟಿನ ಹಿಂಭಾಗದ 1 ಮೀಟರ್ ಪಟ್ಟಿ ಮಾತ್ರ ಹೋಗುತ್ತದೆ. ಅಲ್ಲಿ ಹೇಗೂ ಸೆಟ್‌ಬ್ಯಾಕ್ ಬಿಡುತ್ತೀರಿ. ದ್ವಿತೀಯವಾದರೆ ಬಫರ್ 25ರ ತನಕ. ರಸ್ತೆ ಕಡೆಯ 1.2 ಮೀಟರ್ ಮಾತ್ರ ಹೊರಗೆ ಉಳಿಯುತ್ತದೆ, ಸೈಟು ಬರೀ ಕಾಗದದ ಸೈಟು. ದುಡ್ಡು ಕೊಡುವ ಮೊದಲು ಉತ್ತರ ಬೇಕಾದ ಪ್ರಶ್ನೆ ಇದೊಂದೇ: ಕಾಲುವೆ ಯಾವ ದರ್ಜೆ?

ದರ್ಜೆಯನ್ನು ಅಗಲ ನೋಡಿ ಊಹಿಸಬೇಡಿ. 6 ಮೀಟರ್ ಅಗಲದ ತೃತೀಯವೂ ಸಿಗುತ್ತದೆ, ಒತ್ತುವರಿಯಾಗಿ 2 ಮೀಟರಿಗೆ ಇಳಿದ ದ್ವಿತೀಯವೂ ಸಿಗುತ್ತದೆ. ನಿಮ್ಮ ಪಾಲಿಕೆಯ ಬೃಹತ್ ನೀರುಗಾಲುವೆ ವಿಭಾಗಕ್ಕೆ ಸರ್ವೆ ನಂಬರ್, ಗ್ರಾಮ, ಹೋಬಳಿ ಹಾಕಿ ಅರ್ಜಿ ಕೊಡಿ. ಉತ್ತರ ಬರದಿದ್ದರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಲ್ಲಿ ಕೇಳಿ. "ಬಫರ್ ಎಷ್ಟು" ಅಂತ ಕೇಳಬೇಡಿ, ನಿಯಮದ ಪ್ರತಿ ಕಳಿಸಿ ಕೈತೊಳೆದುಕೊಳ್ಳುತ್ತಾರೆ. "ಈ ಸರ್ವೆ ನಂಬರಿನಲ್ಲಿ ಅಥವಾ ಪಕ್ಕದಲ್ಲಿ ಹಾದುಹೋಗುವ ಕಾಲುವೆಯ ದರ್ಜೆ ಮತ್ತು ದಾಖಲೆಯಂತೆ ಅದರ ಅಗಲ" ಅಂತ ಕೇಳಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಐದು ಪಾಲಿಕೆಗಳಾಗಿವೆ, ಅರ್ಜಿ ಸರಿಯಾದ ಪಾಲಿಕೆಗೆ ಹೋಗಲಿ. ತಪ್ಪು ಕಚೇರಿಗೆ ಹೋದರೆ ಒಂದು ತಿಂಗಳು ಸುಮ್ಮನೆ ಕಳೆಯುತ್ತದೆ.

ಬಾಂದುಕಲ್ಲು:

ಮೇಲಿನ ಲೆಕ್ಕ ಸರಿ. ಆದರೆ ಅದರಲ್ಲಿ ಒಂದು ಊಹೆ ಅಡಗಿದೆ: ಈಗ ಕಾಣುವ ಎರಡು ಗೋಡೆಗಳ ನಡುವಿನ ಗೆರೆಯೇ ಕಾಲುವೆಯ ಮಧ್ಯ ಅನ್ನುವುದು. ಸರ್ವೆಯಲ್ಲಿ ಮಧ್ಯರೇಖೆ ತೆಗೆಯುವುದು ದಾಖಲೆಯಿಂದ, ಕಲ್ಲುಗೋಡೆಯಿಂದಲ್ಲ.

ದಾಖಲೆಯಲ್ಲಿ ಕಾಲುವೆ 10 ಮೀಟರ್ ಅಗಲ ಇದೆ ಅಂತಿಟ್ಟುಕೊಳ್ಳಿ. ಈಗ ಉಳಿದಿರುವುದು 6. ಹೋದ 4 ಮೀಟರ್ ಆಚೆ ದಡದ್ದಾದರೆ ನಿಜವಾದ ಮಧ್ಯ ನಿಮ್ಮಿಂದ ದೂರ ಸರಿಯುತ್ತದೆ: ಹಿಂಗಡಿಗೆ 16 ಮೀಟರ್. ತೃತೀಯ ಕಾಲುವೆಯಾದರೆ ಸೈಟು ಪೂರ್ತಿ ಬಫರಿನ ಹೊರಗೆ. ಆ 4 ಮೀಟರ್ ಈಚೆ ದಡದಲ್ಲಿ ಮಣ್ಣು ಹಾಕಿ ಮುಚ್ಚಿದ್ದಾದರೆ ಮಧ್ಯ ನಿಮ್ಮ ಕಡೆಗೆ ಬರುತ್ತದೆ: 12 ಮೀಟರ್. ಆಗ ತೃತೀಯದಲ್ಲೂ ಸೈಟಿನ 3 ಮೀಟರ್ ಒಳಗೆ. ನೀವು ಹೇಳುವ 11 ಮೀಟರ್ "ಖಾಲಿ ಜಾಗ" ಯಾರದ್ದು ಅನ್ನುವುದು ಅದಕ್ಕೇ ಮುಖ್ಯ. ಬಡಾವಣೆಯ ನಕ್ಷೆಯಲ್ಲಿ ಅದು ಉದ್ಯಾನ ಅಂತ ಇದೆಯೋ, ಖರಾಬು ಅಂತ ಇದೆಯೋ, ಏನೂ ಬರೆಯದೆ ಬಿಟ್ಟಿದ್ದಾರೋ ನೋಡಿ.

ಬಿ ಖರಾಬಿನ ವಿಚಾರ. ಎ ಖರಾಬು ಅಂದರೆ ಬಂಡೆ, ಕೊರಕಲು ಥರದ ಸಾಗುವಳಿಗೆ ಬಾರದ ನೆಲ, ಅದು ಹಿಡುವಳಿಯ ಜೊತೆಗೇ ಬರುತ್ತದೆ. ಬಿ ಖರಾಬು ಸಾರ್ವಜನಿಕರದ್ದು: ಕಾಲುವೆ, ಬಂಡಿದಾರಿ, ಸ್ಮಶಾನ. 0-04 ಅಂದರೆ 4 ಗುಂಟೆ, ಅಂದರೆ 4,356 ಚದರಡಿ (ಗುಂಟೆ 33 ಅಡಿ × 33 ಅಡಿ, 1,089). ಇದರಿಂದ ಅಗಲ ತೆಗೆಯಬಹುದು. ಆ ಸರ್ವೆ ನಂಬರಿನ ಟಿಪ್ಪಣಿ (ಹಳೆಯ ಅಳತೆಯ ದಾಖಲೆ) ಪ್ರತಿ ತೆಗೆದುಕೊಳ್ಳಿ. ಅದರಲ್ಲಿ ಕಾಲುವೆಯ ಉದ್ದ ಸರಪಳಿ, ಆಣೆ ಲೆಕ್ಕದಲ್ಲಿ ಇರುತ್ತದೆ. ಒಂದು ಸರಪಳಿ 33 ಅಡಿ, ಅದರ ಹದಿನಾರನೇ ಒಂದು ಪಾಲು ಆಣೆ, ಅಂದರೆ ಸುಮಾರು 63 ಸೆಂಟಿಮೀಟರ್. ಕಾಲುವೆ ನಿಮ್ಮ ನಂಬರಿನಲ್ಲಿ 12 ಸರಪಳಿ ಓಡಿದೆ ಅಂದರೆ 396 ಅಡಿ. 4,356ನ್ನು 396ರಿಂದ ಭಾಗಿಸಿ: 11 ಅಡಿ. ಕಾಲುವೆ ಎರಡು ಸರ್ವೆ ನಂಬರುಗಳ ಗಡಿಯಲ್ಲೇ ಹರಿಯುತ್ತಿದ್ದರೆ ಈ 11 ಅಡಿ ಒಂದು ಬದಿಯದ್ದು ಮಾತ್ರ, ಇನ್ನೊಂದು ಬದಿ ಪಕ್ಕದ ನಂಬರಿನ ಪಹಣಿಯಲ್ಲಿದೆ. ಅದನ್ನೂ ತೆಗೆದು ಕೂಡಿಸಿ.

ಖರಾಬು ಸೊನ್ನೆ ಇದೆ ಅಂತ ಕಾಲುವೆ ಇಲ್ಲ ಅಂದುಕೊಳ್ಳುವವರು ಬಹಳ. ಗ್ರಾಮ ನಕ್ಷೆಯಲ್ಲಿ ಕೆಲವು ಹಳ್ಳಗಳು ಯಾವ ಸರ್ವೆ ನಂಬರಿಗೂ ಸೇರದೆ, ನಂಬರುಗಳ ನಡುವೆ ಜೋಡಿ ಗೆರೆಯಾಗಿ ಓಡುತ್ತವೆ. ಅವು ಯಾರ ಪಹಣಿಯಲ್ಲೂ ಕಾಣುವುದಿಲ್ಲ. ನಕ್ಷೆ ಮತ್ತು ಪಹಣಿ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು. ಪರಿವರ್ತನೆಗಿಂತ ಹಿಂದಿನ ಪಹಣಿ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ಸಿಕ್ಕರೆ ಇನ್ನೂ ಒಳ್ಳೆಯದು. ಪರಿವರ್ತನೆ, ಪೋಡಿ (ಸರ್ವೆ ನಂಬರಿನ ವಿಭಜನೆ) ಆಗುತ್ತಾ ಖರಾಬು ಒಂದು ಹಿಸ್ಸಾದ (ಪಾಲಿನ) ತಲೆಗೆ ಕಟ್ಟಿ ಉಳಿದವು ಶುದ್ಧವಾಗಿ ಕಾಣುವ ಹಾಗೆ ಆಗಿರುವುದುಂಟು.

ದಿಶಾಂಕ್ ಬಗ್ಗೆ. ಆ ಗೆರೆ ಬಂದಿರುವುದು ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿ. ಗ್ರಾಮ ನಕ್ಷೆಯ ಪ್ರಮಾಣ ಸಾಮಾನ್ಯವಾಗಿ 1:7920, ಅಂದರೆ ಒಂದು ಇಂಚಿಗೆ 660 ಅಡಿ. ನಕ್ಷೆಯಲ್ಲಿ ಶಾಯಿಗೆರೆ ಅರ್ಧ ಮಿಲಿಮೀಟರ್ ದಪ್ಪ ಇದ್ದರೆ ನೆಲದ ಮೇಲೆ ಅದೇ 4 ಮೀಟರ್. ಬಟ್ಟೆಗೆ ಅಂಟಿಸಿದ ಕಾಗದ ಹಿಗ್ಗಿ ಕುಗ್ಗಿದ್ದು, ಸ್ಕ್ಯಾನ್ ಮಾಡುವಾಗ ಎಳೆದದ್ದು, ಫೋನಿನ ಜಿಪಿಎಸ್ ತಪ್ಪು, ಎಲ್ಲ ಸೇರಿ 10 ಮೀಟರ್ ಅತ್ತಿತ್ತ ಆದರೆ ಆಶ್ಚರ್ಯ ಇಲ್ಲ. ಇಲ್ಲೊಂದು ಕಾಲುವೆ ಇದೆ ಅನ್ನುವ ಎಚ್ಚರಿಕೆಗೆ ದಿಶಾಂಕ್ ಸಾಕು, ಎಷ್ಟು ದೂರ ಇದೆ ಅನ್ನುವುದಕ್ಕೆ ಸಾಲದು.

ಸರಿಯಾದ ದಾರಿ ಹದ್ದುಬಸ್ತು, ಅಂದರೆ ಸರ್ಕಾರಿ ಗಡಿ ಅಳತೆ. ನಾಡಕಚೇರಿಯಲ್ಲಿ ಮೋಜಿಣಿ (ಭೂಮಾಪನ) ಅರ್ಜಿ ಹಾಕಿ, ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗಿ, ಭೂಮಾಪಕರು ಬಂದು ಸರ್ವೆ ನಂಬರಿನ ಗಡಿ ಗುರುತಿಸುತ್ತಾರೆ. ಇಲ್ಲಿ ತೊಡಕೊಂದಿದೆ: ಅವರು ಅಳೆಯುವುದು ಸರ್ವೆ ನಂಬರನ್ನು, ನಿಮ್ಮ ಸೈಟನ್ನಲ್ಲ. ಇಲಾಖೆಗೆ ಸೈಟ್ ನಂಬರ್ 47 ಅಂತ ಒಂದು ಇದೆ ಅನ್ನುವುದೇ ಗೊತ್ತಿಲ್ಲ. ಆದ್ದರಿಂದ ಎರಡನೇ ಹಂತವಾಗಿ ಖಾಸಗಿ ಸರ್ವೇಯರ್ ಕೈಯಲ್ಲಿ ಟೋಟಲ್ ಸ್ಟೇಷನ್ (ಎಲೆಕ್ಟ್ರಾನಿಕ್ ಅಳತೆ ಯಂತ್ರ) ಇಟ್ಟು, ಹದ್ದುಬಸ್ತಿನಲ್ಲಿ ಗುರುತಾದ ಬಾಂದುಕಲ್ಲುಗಳನ್ನೇ (ಗಡಿಕಲ್ಲು) ಆಧಾರ ಮಾಡಿಕೊಂಡು, ಕಾಲುವೆಯ ದಾಖಲೆಯ ಎರಡು ಅಂಚು, ಮಧ್ಯರೇಖೆ, ಬಡಾವಣೆ ನಕ್ಷೆ, ನಿಮ್ಮ ಸೈಟಿನ ನಾಲ್ಕು ಮೂಲೆ, ಇಷ್ಟನ್ನೂ ಒಂದೇ ಹಾಳೆಯ ಮೇಲೆ ತರಿಸಿ. ಕನಿಷ್ಠ ಮೂರು ಕಲ್ಲು ತಾಳೆಯಾಗಬೇಕು. ಎರಡೇ ಕಲ್ಲು ಹಿಡಿದರೆ ನಕ್ಷೆ ತಿರುಗಿಕೊಂಡಿದ್ದರೂ ಗೊತ್ತಾಗುವುದಿಲ್ಲ. ಗ್ರಾಮದ ಗಡಿ ಹತ್ತಿರವಿದ್ದರೆ ಮೂರು ಊರು ಸೇರುವ ಕಲ್ಲು ಹುಡುಕಿಸಿ, ಅದು ಅಷ್ಟು ಸುಲಭಕ್ಕೆ ಜರುಗಿರುವುದಿಲ್ಲ.

ಹೊಸಪಾಯ:

ತುಂಬಾ ಉಪಕಾರ ಆಯ್ತು ಸಾರ್. ಗ್ರಾಮ ನಕ್ಷೆ ಇಳಿಸಿಕೊಂಡು ನೋಡಿದೆ, ಕಾಲುವೆ ಒಂಟಿ ಗೆರೆಯಾಗಿದೆ, ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಗೆ ಹೋಗುತ್ತದೆ. ಆದರೆ ಮಹಾಯೋಜನೆಯ ಭೂಬಳಕೆ ನಕ್ಷೆಯಲ್ಲಿ ನಮ್ಮ ಜಾಗ ಪೂರ್ತಿ ಹಳದಿ, ವಸತಿ ವಲಯ. ಕಾಲುವೆ ಬಫರಿನ ಬಣ್ಣವೇ ಇಲ್ಲ. ಮಾರುವವರು ಅದನ್ನೇ ತೋರಿಸಿ, ಬಫರ್ ಅನ್ವಯಿಸುವುದಿಲ್ಲ ಅನ್ನುತ್ತಿದ್ದಾರೆ. ಎಂಜಿನಿಯರ್ ಒಬ್ಬರು ನಂಬಿಕೆ ನಕ್ಷೆಯಲ್ಲಿ ಪ್ಲಾನ್ ಸುಲಭವಾಗಿ ಆಗುತ್ತೆ ಅಂದರು.

ಪಹಣಿಪುರಾಣ:

ಆ ಹಳದಿ ಬಣ್ಣಕ್ಕೆ ಮೋಸ ಹೋಗಬೇಡಿ. ಅದೇ ವಲಯ ನಿಯಮದಲ್ಲಿ ಇನ್ನೊಂದು ಸಾಲು ಇದೆ: ನಕ್ಷೆ ಬರೆಯುವಾಗಿನ ತಪ್ಪಿನಿಂದ ಯಾವುದೇ ದರ್ಜೆಯ ಕಾಲುವೆಗೆ ಬಫರ್ ಗುರುತಾಗದೇ ಹೋಗಿದ್ದರೆ, ಭೂಬಳಕೆ ನಕ್ಷೆಯನ್ನು ನೋಡದೆ, ಕಂದಾಯ ದಾಖಲೆಯ ಆಧಾರದಲ್ಲೇ ಬಫರ್ ಬಿಡಿಸಬೇಕು. ಗ್ರಾಮ ನಕ್ಷೆಯಲ್ಲಿ ಗೆರೆ ಇದ್ದರೆ ಮುಗಿಯಿತು. ಹಳದಿ, ಹಸಿರು, ಯಾವ ಬಣ್ಣವೂ ಕಾಯುವುದಿಲ್ಲ.

ಎರಡು ಕೆರೆಗಳನ್ನು ಜೋಡಿಸುವ ಕಾಲುವೆ ಅಂದಿರಿ. ಅದು ತೃತೀಯವೇ ಅಂತ ಮಾರುವವರ ಬಾಯಿಮಾತಿನ ಮೇಲೆ ನಂಬುವುದು ಕಷ್ಟ. ಬರಹದಲ್ಲಿ ತರಿಸಿ. ಕೆಳಗಿನ ಕೆರೆ ಹತ್ತಿರವಿದ್ದರೆ ಅದರ 30 ಮೀಟರನ್ನೂ ಬೇರೆಯಾಗಿ ನೋಡಿಕೊಳ್ಳಿ. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಬಫರ್ ಇಳಿಸುವ ತಿದ್ದುಪಡಿ 2025ರಲ್ಲಿ ವಿಧಾನಮಂಡಲದ ಮುಂದೆ ಬಂದಿತ್ತು. ಅದನ್ನೇ ನಂಬಿ "ಇನ್ನೇನು ಕಡಿಮೆ ಆಗುತ್ತೆ" ಅಂತ ಮಾರುವವರು ಇದ್ದಾರೆ. ಪ್ಲಾನ್ ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆಯೋ ಅದೇ ಲೆಕ್ಕ.

ನಂಬಿಕೆ ನಕ್ಷೆಯಲ್ಲಿ ಎಂಜಿನಿಯರೋ ಆರ್ಕಿಟೆಕ್ಟೋ ದೃಢೀಕರಿಸಿ ಹಾಕಿದ್ದಕ್ಕೆ ತಾತ್ಕಾಲಿಕ ಮಂಜೂರಾತಿ ಬೇಗ ಬರುತ್ತದೆ, ಪರಿಶೀಲನೆ ಆಮೇಲೆ. ಬೇಗ ಬಂತು ಅಂದರೆ ಬಫರ್ ಇಲ್ಲ ಅಂತ ಅರ್ಥವಲ್ಲ, ಇನ್ನೂ ಯಾರೂ ನೋಡಿಲ್ಲ ಅಂತ ಅರ್ಥ. ಪಾಯ ಎದ್ದ ಮೇಲೆ ನೋಡಿದರೆ ರದ್ದಾಗುವುದು ನಿಮ್ಮ ನಕ್ಷೆ.

ಇನ್ನೊಂದು ಗೊಂದಲ ಎಲ್ಲರಿಗೂ ಇರುತ್ತದೆ, ಬಿಡಿಸಿ ಹೇಳುತ್ತೇನೆ. ಕಾಲುವೆಯ ಜಾಗದ ಒಳಗೆ ಇರುವುದು ಬೇರೆ, ಬಫರಿನ ಒಳಗೆ ಇರುವುದು ಬೇರೆ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಮಿನ ಪ್ರಕಾರ ಹಳ್ಳ, ಕಾಲುವೆ, ಕೆರೆ ಸರ್ಕಾರದ ಸ್ವತ್ತು. ಬಿ ಖರಾಬಿನ ಮೇಲೆ ಸೈಟು ಇದ್ದರೆ ಕ್ರಯಪತ್ರ ಎಷ್ಟು ಸಲ ನೋಂದಣಿಯಾಗಿದ್ದರೂ ಮಾರಿದವರಿಗೇ ಹಕ್ಕಿರಲಿಲ್ಲ, ಹಾಗಾಗಿ ನಿಮಗೂ ಇಲ್ಲ. ತೆರವಿಗೆ ಬಂದರೆ ಪರಿಹಾರವೂ ಇಲ್ಲ, ಭೂಕಬಳಿಕೆ ನಿಷೇಧ ಕಾಯ್ದೆ 2011ರ ಕೇಸು ಬೇರೆ. ಬಫರಿನಲ್ಲಿದ್ದರೆ ನೆಲ ನಿಮ್ಮದೇ, ಮಾರಬಹುದು, ಗಿಡ ಹಾಕಬಹುದು, ಕಟ್ಟಡ ಮಾತ್ರ ಎಬ್ಬಿಸುವಂತಿಲ್ಲ. ನಿಯಮ ಅಲ್ಲಿ ಬಿಡುವುದು ನೀರಿನ ಹರಿವಿಗೆ ಅಡ್ಡಬಾರದ ರಸ್ತೆ, ಕಾಲುದಾರಿ, ಚರಂಡಿ, ಸೇತುವೆ, ಶುದ್ಧೀಕರಣ ಘಟಕ, ಇಂಥವನ್ನು. ಖಾತಾ ತೆರಿಗೆಯ ಲೆಕ್ಕ. ಪರಿವರ್ತನೆ ಆದೇಶ ಕೃಷಿಯಿಂದ ಕೃಷಿಯೇತರಕ್ಕೆ ಬದಲಾಯಿಸಿದ್ದಕ್ಕೆ. ಎರಡರಲ್ಲಿ ಯಾವುದೂ ಬಫರಿನಿಂದ ವಿನಾಯಿತಿ ಕೊಡುವುದಿಲ್ಲ.

ತೂಬು:

ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಬರುತ್ತೇನೆ. ಕಾನೂನು ಮುಗಿದ ಮೇಲೂ ನೀರಿನ ಲೆಕ್ಕ ಬಾಕಿ ಇರುತ್ತದೆ. ಬಫರ್ ಅನ್ನುವುದು ನೆರೆಯ ಗೆರೆ ಅಲ್ಲ. 15 ಮೀಟರ್ ಅಂದಾಗ ನೆಲ ಎತ್ತರವೋ ತಗ್ಗೋ ಅಂತ ಯಾರೂ ಕೇಳಿಲ್ಲ. ನೆರೆ ಬಯಲಿಗೆ ವಲಯ ಮಾಡುವ ಮಾದರಿ ಮಸೂದೆಯನ್ನು ಕೇಂದ್ರ ಜಲ ಆಯೋಗ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಕೆಲವೇ ರಾಜ್ಯಗಳು ಕಾಯ್ದೆ ಮಾಡಿಕೊಂಡವು. ನಮ್ಮಲ್ಲಿ ಇರುವುದು ಬರೀ ಬಫರ್. ಹಾಗಾಗಿ ಮಧ್ಯರೇಖೆಯಿಂದ 60 ಮೀಟರ್ ದೂರದ ಸೈಟು ತಗ್ಗಿನಲ್ಲಿದ್ದರೆ ಮುಳುಗುತ್ತದೆ, 16 ಮೀಟರ್ ದೂರದ್ದು ದಿಬ್ಬದ ಮೇಲಿದ್ದರೆ ಒಣಗಿರುತ್ತದೆ.

ನಿಮ್ಮ ಕಾಲುವೆಯನ್ನೇ ಲೆಕ್ಕ ಹಾಕಿ. ಸೂತ್ರ ಸುಲಭ: ನೀರು ಬರುವ ಪ್ರದೇಶ (ಹೆಕ್ಟೇರ್) × ಮಳೆಯ ಬಿರುಸು (ಗಂಟೆಗೆ ಮಿ.ಮೀ.) × ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದು ಬರುವ ಪಾಲು) ÷ 360. ಮೇಲಿನಿಂದ 200 ಹೆಕ್ಟೇರಿನ ನೀರು ಬರುತ್ತದೆ, ಗಂಟೆಗೆ 60 ಮಿ.ಮೀ. ಬಿರುಸಿನ ಮಳೆ ಅಂತಿಟ್ಟುಕೊಳ್ಳಿ. ಹೊಲ, ತೋಪು ಇದ್ದ ಕಾಲಕ್ಕೆ ಗುಣಾಂಕ 0.3, ಸೆಕೆಂಡಿಗೆ 10 ಘನ ಮೀಟರ್ ನೀರು. ಈಗ ಮೇಲೆಲ್ಲ ತಾರಸಿ, ಡಾಂಬರು, ಗುಣಾಂಕ 0.8, ಸೆಕೆಂಡಿಗೆ ಸುಮಾರು 27. ನಿಮ್ಮ ಕಾಲುವೆ 6 ಮೀಟರ್ ಅಗಲ, 2 ಮೀಟರ್ ಆಳ. ನೀರು ಸೆಕೆಂಡಿಗೆ 2.2 ಮೀಟರ್ ಓಡಿದರೆ ಹಿಡಿಸುವುದು 26. ಹೂಳಿಲ್ಲದಿದ್ದರೆ ಬಾಯಿತನಕ. ತಳದಲ್ಲಿ 60 ಸೆಂಟಿಮೀಟರ್ ಹೂಳು, ಕಟ್ಟಡದ ಡೆಬ್ರಿ ಕೂತಿದ್ದರೆ ಆಳವೂ ಕಡಿಮೆ, ವೇಗವೂ ಕಡಿಮೆ, 16 ಹಿಡಿಸಿದರೆ ಹೆಚ್ಚು. ಉಳಿದ 11 ದಡ ಹತ್ತುತ್ತದೆ.

ಇದಕ್ಕಿಂತ ದೊಡ್ಡ ಖಳ ಕಾಲುವೆ ಅಲ್ಲ, ಕೆಳಗಿನ ಮೋರಿ. ಸೈಟಿನಿಂದ ನೀರು ಹೋಗುವ ದಿಕ್ಕಿಗೆ ನಡೆಯುತ್ತಾ ಹೋಗಿ, ಮೊದಲು ಸಿಗುವ ರಸ್ತೆಯ ಅಡಿಯಲ್ಲಿ ಏನಿದೆ ಬಗ್ಗಿ ನೋಡಿ. 1.2 ಮೀಟರ್ ವ್ಯಾಸದ ಹ್ಯೂಮ್ ಪೈಪು ಎರಡು ಇಟ್ಟಿದ್ದರೆ ಅವೆರಡೂ ಸೇರಿ ಬಿಡುವುದು 5ರಿಂದ 6 ಘನ ಮೀಟರ್, ಅದೂ ಬಾಟಲಿ, ಬಾಳೆದಿಂಡು, ಹಾಸಿಗೆ ಸಿಕ್ಕಿಕೊಳ್ಳದಿದ್ದರೆ. ಹಿಂದೆ ನಿಂತ ನೀರಿಗೆ ದಾರಿ ಒಂದೇ, ಆ ರಸ್ತೆ ಹತ್ತಿ ಆಚೆ ಬೀಳುವುದು. ಅಂದರೆ ಆ ಮೋರಿ ಮೇಲಿನ ರಸ್ತೆಯ ಮಟ್ಟವೇ ನಿಮ್ಮ ಸೈಟಿನ ಕನಿಷ್ಠ ನೆರೆಮಟ್ಟ. ಸೈಟಿನ ನೆಲ ಅದಕ್ಕಿಂತ ಕೆಳಗಿದ್ದರೆ, ರಸ್ತೆ ದಾಟುವ ಮೊದಲು ನೀರು ನಿಮ್ಮಲ್ಲಿಗೆ ಬರುತ್ತದೆ.

ಹಾಗಾಗಿ ಸರ್ವೇಯರ್ ಬಂದ ದಿನವೇ ಲೆವೆಲ್ ಕೂಡ ಹಿಡಿಸಿ: ಕಾಲುವೆಯ ತಳ, ದಡದ ಗೋಡೆಯ ತಲೆ, ಮೋರಿಯ ಪೈಪಿನ ನೆತ್ತಿ, ಮೋರಿ ಮೇಲಿನ ರಸ್ತೆ, ನಿಮ್ಮ ಮುಂದಿನ ರಸ್ತೆಯ ನಡು, ಸೈಟಿನ ನಾಲ್ಕು ಮೂಲೆ. ಅಕ್ಕಪಕ್ಕದ ಕಾಂಪೌಂಡ್ ಗೋಡೆಗಳ ಮೇಲೆ ಕೆಸರಿನ ಗೆರೆ ಹುಡುಕಿ. ಬಣ್ಣ ಹೊಸದಾಗಿ ಹೊಡೆದಿದ್ದರೆ ಗೇಟಿನ ಕಬ್ಬಿಣ ನೋಡಿ, ತುಕ್ಕು ಒಂದೇ ಎತ್ತರಕ್ಕೆ ನಿಂತಿರುತ್ತದೆ. ಟ್ರಾನ್ಸ್‌ಫಾರ್ಮರ್ ಕಟ್ಟೆ ಈಚೆಗೆ ಎತ್ತರಿಸಿದ್ದರೆ ಅದೂ ಒಂದು ಸಾಕ್ಷಿ.

ಪ್ಲಿಂತ್ (ಮನೆಯ ಒಳನೆಲದ ಎತ್ತರ): ರಾಷ್ಟ್ರೀಯ ಕಟ್ಟಡ ಸಂಹಿತೆ ಸುತ್ತಲಿನ ನೆಲದಿಂದ ಕನಿಷ್ಠ 45 ಸೆಂಟಿಮೀಟರ್ ಅನ್ನುತ್ತದೆ. ಇಂಥ ಜಾಗದಲ್ಲಿ ಅದು ಸಾಲದು. ಮೋರಿ ಮೇಲಿನ ರಸ್ತೆಮಟ್ಟ, ಗೋಡೆಯ ಕೆಸರಿನ ಗೆರೆ, ಇವೆರಡರಲ್ಲಿ ಯಾವುದು ಎತ್ತರವೋ ಅದರ ಮೇಲೆ 60 ಸೆಂಟಿಮೀಟರ್ ಇಡಿ. ಮುಂದಿನ ರಸ್ತೆಯನ್ನು ಆಧಾರ ಮಾಡಬೇಡಿ, ಹಳೆಯ ಪದರ ಕೆರೆದು ತೆಗೆಯದೆ ಮೇಲೆ ಮೇಲೆ ಡಾಂಬರು ಹಾಕಿದಾಗೆಲ್ಲ ಅದು ನಾಲ್ಕೈದು ಸೆಂಟಿಮೀಟರ್ ಏರುತ್ತದೆ. ಬೇಸ್‌ಮೆಂಟ್ ಮಾತೇ ಬೇಡ.

ಗಾರೆಕೆಲಸ:

ಅಷ್ಟೆಲ್ಲ ಯಾಕೆ, ನಾಲ್ಕೈದು ಅಡಿ ಮಣ್ಣು ಹೊಡೆಸಿ ಸೈಟನ್ನೇ ಎತ್ತರಿಸಿದರೆ ಆಯ್ತಲ್ವಾ? ಸುತ್ತಮುತ್ತ ಎಲ್ಲರೂ ಅದನ್ನೇ ಮಾಡೋದು.

ತೂಬು:

ಎಲ್ಲರೂ ಮಾಡುವುದರಿಂದಲೇ ಪ್ರತಿವರ್ಷ ನೆರೆಮಟ್ಟ ಏರುತ್ತಿರುವುದು. 30×40 ಸೈಟಿಗೆ ನಾಲ್ಕು ಅಡಿ ಮಣ್ಣು ಹಾಕಿದರೆ 4,800 ಘನಅಡಿ, ಅಂದರೆ 1,36,000 ಲೀಟರ್ ನೀರು ನಿಲ್ಲುತ್ತಿದ್ದ ಜಾಗ ಹೋಯಿತು. ಅದು ಪಕ್ಕದವರ ಮನೆಗೆ ಹೋಗುತ್ತದೆ. ಆಮೇಲೆ ಅವರೂ ಮಣ್ಣು ಹೊಡೆಸುತ್ತಾರೆ. ಬಫರಿನೊಳಗೆ ಮಣ್ಣು ತುಂಬುವುದಂತೂ ಹರಿವಿಗೆ ಅಡ್ಡ ಹಾಕಿದ ಲೆಕ್ಕವೇ.

ನಿಮಗೂ ಅದರಿಂದ ತೊಂದರೆ ಇದೆ. ಲಾರಿಯಿಂದ ಸುರಿದ ಮಣ್ಣು ಎರಡು ಮೂರು ಮಳೆಗಾಲ ಕುಸಿಯುತ್ತಲೇ ಇರುತ್ತದೆ. ಅದರ ಮೇಲೆ ಪಾಯ ಇಟ್ಟರೆ ಕಿಟಕಿ ಮೂಲೆಗಳಿಂದ ಓರೆ ಬಿರುಕು ಏಳುತ್ತವೆ. ತುಂಬಲೇಬೇಕಾದರೆ ಪ್ಲಿಂತಿನ ಒಳಗೆ ಮಾತ್ರ, 20 ಸೆಂಟಿಮೀಟರ್ ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಹೊಡೆದು ತುಂಬಿ. ಪಾಯ ಮಾತ್ರ ಹಳೆಯ ಗಟ್ಟಿ ನೆಲಕ್ಕೇ ಮುಟ್ಟಬೇಕು. ಅದಕ್ಕೆ ಮೊದಲು ಎರಡು ಕಡೆ 2ರಿಂದ 3 ಮೀಟರ್ ಗುಂಡಿ ತೋಡಿಸಿ ನೋಡಿ. ಕಪ್ಪು, ಜಿಗುಟು, ವಾಸನೆ ಬರುವ ಗೋಡು ಸಿಕ್ಕರೆ ಅದು ಕೆರೆಯ ಹೂಳು. ಅಲ್ಲಿ ಮಣ್ಣು ಪರೀಕ್ಷೆ ಇಲ್ಲದೆ ಕಾಲಂ ಪಾಯ ಇಡಬೇಡಿ.

ಇನ್ನು ಯಾರೂ ಯೋಚಿಸದ್ದು ಸಂಪು. ಹೊರಗಿನ ಅಳತೆ 3×2 ಮೀಟರ್, ಆಳ 2 ಮೀಟರ್, ಸುತ್ತಲೂ ಮೇಲೆ ಕೆಳಗೆ 15 ಸೆಂಟಿಮೀಟರ್ ಕಾಂಕ್ರೀಟ್ ಅಂತಿಟ್ಟುಕೊಳ್ಳಿ. ಕಾಂಕ್ರೀಟು 4.2 ಘನ ಮೀಟರ್, ತೂಕ 10.5 ಟನ್. ನೆಲದಡಿ ನೀರು ಮೇಲಿನತನಕ ಬಂದಾಗ ಅದನ್ನು ಮೇಲಕ್ಕೆ ತಳ್ಳುವ ಬಲ 12 ಟನ್. ಸಂಪು ಖಾಲಿ ಇದ್ದರೆ ದೋಣಿಯ ಹಾಗೆ ಏಳಲು ನೋಡುತ್ತದೆ. ಪೂರ್ತಿ ಏಳದಿದ್ದರೂ ಪೈಪಿನ ಜೋಡಣೆ ಮುರಿಯುತ್ತದೆ, ಗೋಡೆ ಬಿರುಕು ಬಿಟ್ಟು ಚರಂಡಿ ನೀರು ಒಳಗೆ ಸೇರುತ್ತದೆ. ತಳದ ಹಲಗೆಯನ್ನು ಸುತ್ತಲೂ 30 ಸೆಂಟಿಮೀಟರ್ ಹೊರಚಾಚಿ ಹಾಕಿಸಿದರೆ ಅದರ ಮೇಲೆ ಕೂರುವ ಮಣ್ಣೇ, ನೀರಿನಲ್ಲಿ ನೆನೆದ ಲೆಕ್ಕದಲ್ಲೂ, 6 ಟನ್ನಿನಷ್ಟು ಒತ್ತಿ ಹಿಡಿಯುತ್ತದೆ. ಖರ್ಚು ಅರ್ಧ ಘನ ಮೀಟರ್ ಕಾಂಕ್ರೀಟು. ಮುಚ್ಚಳದ ಕಟ್ಟೆ ಪ್ಲಿಂತಿನ ಮಟ್ಟಕ್ಕೆ ಬರಲಿ, ಅಂಗಳದ ಮಟ್ಟಕ್ಕೆ ಬೇಡ. ಬೋರ್‌ವೆಲ್ ಕೇಸಿಂಗ್ ಕೂಡ ಹಾಗೆಯೇ.

ಯುಜಿಡಿ (ಒಳಚರಂಡಿ): ನೆರೆ ಬಾಗಿಲಿನಿಂದ ಬರುವ ಮೊದಲು ಕೆಳಮನೆಯ ಕಮೋಡಿನಿಂದ ಬರುತ್ತದೆ. ರಸ್ತೆಯ ಮ್ಯಾನ್‌ಹೋಲ್ ತುಂಬಿದಾಗ ನೀರು ಅದೇ ಪೈಪಿನಲ್ಲಿ ವಾಪಸ್ಸು. ನಿಮ್ಮ ಕೊನೆಯ ಚೇಂಬರಿನಲ್ಲಿ ನಾನ್ ರಿಟರ್ನ್ ವಾಲ್ವ್ ಕೂರಿಸಿ, ಮೇಲಿನಿಂದ ಕೈಹಾಕಿ ತೊಳೆಯಲು ಬರುವ ಹಾಗೆ. ಮಳೆಗಾಲಕ್ಕೆ ಮೊದಲು ತೆಗೆದು ನೋಡದಿದ್ದರೆ ಕೂದಲು, ಜಿಡ್ಡು ಸಿಕ್ಕಿ ಬಾಗಿಲು ಅರ್ಧ ತೆರೆದೇ ಇರುತ್ತದೆ, ಆಗ ಅದು ಇದ್ದೂ ಇಲ್ಲದ ಹಾಗೆ. ವಾಲ್ವ್ ಮುಚ್ಚಿದಾಗ ನಿಮ್ಮ ಮನೆಯ ನೀರೂ ಹೊರಗೆ ಹೋಗುವುದಿಲ್ಲ ಅನ್ನುವುದು ನೆನಪಿರಲಿ. ತಾರಸಿಯ ಮಳೆನೀರಿನ ಪೈಪನ್ನು ಯುಜಿಡಿಗೆ ಸೇರಿಸಿದ್ದರೆ, ಮನೆಯನ್ನು ಮನೆಯ ನೀರೇ ತುಂಬಿಸುತ್ತದೆ. ಹಾಗೆ ಸೇರಿಸುವುದು ನಿಯಮಕ್ಕೂ ವಿರುದ್ಧ.

ಮೀಟರ್ ಬೋರ್ಡು, ಯುಪಿಎಸ್, ಮೋಟರ್ ಸ್ಟಾರ್ಟರ್ ನೆರೆಮಟ್ಟದ ಮೇಲೆ ಕನಿಷ್ಠ 1.2 ಮೀಟರ್. ಕೆಳಮನೆಯ ವೈರಿಂಗ್ ಸೂರಿನಿಂದ ಕೆಳಗಿಳಿಯಲಿ, ಪ್ಲಗ್ ಪಾಯಿಂಟಿಗೆ ಬೇರೆ ಸರ್ಕ್ಯೂಟು ಇರಲಿ, ನೀರು ಬಂದಾಗ ಅದೊಂದನ್ನೇ ಆರಿಸಬಹುದು.

ಬಾಂದುಕಲ್ಲು:

ತೂಬು ಅವರ ಮೋರಿಯ ಮಾತಿಗೆ ಒಂದು ಸೇರಿಕೆ. ಕೆಳಕ್ಕೆ ನಡೆದ ಹಾಗೆಯೇ ಮೇಲಕ್ಕೂ ಕಾಲುವೆ ಗುಂಟ ನಡೆಯಿರಿ. ಗ್ರಾಮ ನಕ್ಷೆಯಲ್ಲಿ ಗೆರೆ ಓರೆಯಾಗಿ ಓಡಿ, ನೆಲದ ಮೇಲೆ ಕಾಲುವೆ ಬಡಾವಣೆಯ ಅಂಚಿಗೆ ಸರಿಯಾಗಿ ಮಡಚಿಕೊಂಡು ತೊಂಬತ್ತು ಡಿಗ್ರಿಯಲ್ಲಿ ತಿರುಗಿದ್ದರೆ ಅದನ್ನು ಯಾರೋ ಪಕ್ಕಕ್ಕೆ ತಳ್ಳಿದ್ದಾರೆ. ಆ ತಿರುವಿನಲ್ಲೇ ಗೋಡೆ ಒಡೆಯುವುದು, ನೀರು ಹಳೆಯ ಜಾಡು ಹಿಡಿಯುವುದು. ದಾಖಲೆಯಲ್ಲೂ ಕಾಲುವೆ ಹಳೆಯ ಜಾಡಿನಲ್ಲೇ ಇರುತ್ತದೆ. ದಿಶಾಂಕ್ ಗೆರೆ ನಿಮ್ಮ ಸೈಟಿಗೆ ತಾಗಿದ್ದು ಬರೀ ನಕ್ಷೆಯ ತಪ್ಪಲ್ಲದೆ ಇದೂ ಆಗಿರಬಹುದು. ಹದ್ದುಬಸ್ತು ಆಗುವ ತನಕ ಯಾವುದೂ ತೀರ್ಮಾನವಲ್ಲ.

ಹೊಸಪಾಯ:

ಮಾರುವವರು ಈ ವಾರವೇ ಅಗ್ರಿಮೆಂಟ್ ಆಗಬೇಕು ಅಂತ ಕೂತಿದ್ದಾರೆ. ಹದ್ದುಬಸ್ತಿಗೆ ಅರ್ಜಿ ನಾನು ಹಾಕಬಹುದಾ, ಅಥವಾ ಅವರೇ ಹಾಕಬೇಕಾ?

ಪಹಣಿಪುರಾಣ:

ಅರ್ಜಿ ಪಹಣಿಯಲ್ಲಿ ಹೆಸರಿರುವವರಿಂದ ಹೋಗಬೇಕು, ನೀವು ಇನ್ನೂ ಹೊರಗಿನವರು. ಅವರು ಹಾಕಲು ಒಪ್ಪದಿದ್ದರೆ ಅದರಲ್ಲೇ ಅರ್ಧ ಉತ್ತರ ಸಿಕ್ಕಿತು.

ಅಗ್ರಿಮೆಂಟ್ ಮಾಡಲೇಬೇಕಾದರೆ ಟೋಕನ್ ಸಣ್ಣದಿರಲಿ, ವಕೀಲರ ಕೈಯಲ್ಲಿ ಈ ಅರ್ಥದ ಷರತ್ತು ಬರೆಸಿ: "ಕಾಲುವೆಯ ದರ್ಜೆ ಕುರಿತು ಪಾಲಿಕೆಯ ಲಿಖಿತ ಉತ್ತರ ಹಾಗೂ ಹದ್ದುಬಸ್ತು ನಕ್ಷೆ ಬಂದ ಮೇಲೆ, ಸ್ವತ್ತಿನ ಯಾವುದೇ ಭಾಗ ಬಿ ಖರಾಬಿನಲ್ಲಿ ಕಂಡುಬಂದರೆ, ಅಥವಾ ಬಫರ್ ಕಳೆದು ಉಳಿಯುವ ಉದ್ದ ಇಷ್ಟು ಮೀಟರಿಗಿಂತ ಕಡಿಮೆಯಾದರೆ, ಮುಂಗಡ ಪೂರ್ತಿ ಇಷ್ಟು ದಿನದೊಳಗೆ ವಾಪಸ್ಸು." ಮೀಟರ್ ಮತ್ತು ದಿನ ಅಂಕಿಯಲ್ಲಿ ಬರೆಸಿ. "ಕಾನೂನು ತೊಡಕು ಬಂದರೆ" ಅಂತ ಮೊಗಮ್ಮಾಗಿ ಬರೆದರೆ ಬಫರ್ ತೊಡಕೇ ಅಲ್ಲ, ನಿಯಮ ಅಂತ ವಾದಿಸುತ್ತಾರೆ. ಬ್ಯಾಂಕ್ ಸಾಲ ಮಂಜೂರಾಯಿತು ಅನ್ನುವುದನ್ನೂ ಪ್ರಮಾಣ ಮಾಡಿಕೊಳ್ಳಬೇಡಿ. ಬ್ಯಾಂಕಿನ ವಕೀಲರು ನೋಡುವುದು ಮುಖ್ಯವಾಗಿ ಹಕ್ಕುಪತ್ರಗಳ ಸರಣಿ, ಕಾಲುವೆಯ ಮಧ್ಯರೇಖೆ ಹುಡುಕಲು ಅವರು ಟೇಪ್ ಹಿಡಿದು ಬರುವುದಿಲ್ಲ.